ಸೂರ್ಯನ ಗಾಳಿಗೆ ಅದುರಿದ ಸೂಜಿ

1859ರ ಸೆಪ್ಟೆಂಬರ್ 2, ಶುಕ್ರವಾರ. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಎಂದಿನಂತೆ ಬೆಳಗಿನ ಕೆಲಸ ನಡೆದಿತ್ತು. ಹೊರಗಿನವರ ಕಣ್ಣಿಗೆ ಅದು ಅಂಥ ದೊಡ್ಡ ಕೆಲಸವೇನಲ್ಲ. ತೂಗುಬಿಟ್ಟ ಅಯಸ್ಕಾಂತದ ಪಟ್ಟಿಯೊಂದು ಎಷ್ಟು ತಿರುಗಿದೆ ಎಂಬುದನ್ನು ದೂರದರ್ಶಕದಲ್ಲಿ ನೋಡಿ ಪುಸ್ತಕದಲ್ಲಿ ಬರೆದಿಡಬೇಕು, ಅಷ್ಟೆ. ಗಂಟೆಗೊಂದು ಸಲ, ಹಗಲೂ ರಾತ್ರಿ, ವರ್ಷಗಟ್ಟಲೆ ಅಲ್ಲಿ ನಡೆದುಬಂದಿದ್ದ ಕ್ರಮ ಅದು.

ಆದರೆ ಅಂದು ಪಟ್ಟಿ ನಿಂತಲ್ಲಿ ನಿಲ್ಲಲಿಲ್ಲ. ಮೊದಲು ಥಟ್ಟನೆ ಅದುರಿತು. ಬಳಿಕ ಯಾರೂ ಕಂಡರಿಯದಷ್ಟು ದೂರ ಸರಿಯಿತು. ವೀಕ್ಷಕರು ಗಂಟೆಗೊಂದು ಸಲದ ನಿಯಮ ಬಿಟ್ಟು ಕೆಲವೇ ನಿಮಿಷಗಳಿಗೊಮ್ಮೆ ಅಳತೆ ಬರೆದುಕೊಳ್ಳತೊಡಗಿದರು. ಭೂಮಿಯ ಕಾಂತಕ್ಷೇತ್ರದ ಸಮತಲ ಬಲ ಮುಂಬಯಿಯಲ್ಲಿ ಒಂದೆರಡು ಗಂಟೆಗಳೊಳಗೆ ಸುಮಾರು 1,600 ನ್ಯಾನೊಟೆಸ್ಲಾದಷ್ಟು ಕುಸಿಯಿತು. ಅಂದರೆ ಅಲ್ಲಿನ ಒಟ್ಟು ಬಲದಲ್ಲಿ ಸುಮಾರು ನೂರಕ್ಕೆ ನಾಲ್ಕು ಪಾಲು. ಕೇಳಲು ಅಲ್ಪವೆನಿಸುವ ಈ ಕುಸಿತವನ್ನು ಮೀರಿಸುವಂಥದ್ದು ಆ ಭಾಗದಲ್ಲಿ ಆಮೇಲೆ ದಾಖಲಾಗಿಲ್ಲ.

ಲಂಡನ್ನಿನ ಬಳಿಯ ಕ್ಯೂ ವೀಕ್ಷಣಾಲಯದಲ್ಲಿ ಆ ಹೊತ್ತಿಗಾಗಲೇ ಛಾಯಾಚಿತ್ರ ತಂತ್ರದಿಂದ ತಾನಾಗಿಯೇ ಗೆರೆ ಎಳೆಯುವ ಯಂತ್ರವಿತ್ತು. ಅಂದಿನ ಹೊಯ್ದಾಟಕ್ಕೆ ಗೆರೆ ಕಾಗದದ ಅಂಚು ದಾಟಿ ಹೋಯಿತು. ಕೊಲಾಬಾದಲ್ಲಿ ಇದ್ದುದು ಮನುಷ್ಯರ ಕಣ್ಣು ಮತ್ತು ಲೇಖನಿ. ಆ ಲೆಕ್ಕ ಉಳಿಯಿತು.

ಸೂಜಿಯನ್ನು ಅಲುಗಿಸಿದ್ದು ಏನು? ಅದಕ್ಕೆ ಪೂರ್ತಿ ಉತ್ತರ ಸಿಗಲು ಮುಂದೆ ನೂರು ವರ್ಷಗಳೇ ಬೇಕಾದವು.

ಕ್ಯಾರಿಂಗ್ಟನ್ ಕಂಡ ಬೆಳಕು

ಹಿಂದಿನ ದಿನ ಬೆಳಿಗ್ಗೆ 11 ಗಂಟೆ 18 ನಿಮಿಷಕ್ಕೆ ಇಂಗ್ಲೆಂಡಿನ ರೆಡ್‌ಹಿಲ್‌ನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಎಂಬ ಖಗೋಳ ವೀಕ್ಷಕರು ಸೌರಕಲೆಗಳ ಚಿತ್ರ ಬರೆಯುತ್ತಿದ್ದರು. ಇದ್ದಕ್ಕಿದ್ದಂತೆ ಒಂದು ದೊಡ್ಡ ಕಲೆಗಳ ಗುಂಪಿನ ಮೇಲೆ ಕಣ್ಣು ಕೋರೈಸುವ ಎರಡು ಬಿಳಿ ಬೆಳಕುಗಳು ಮೂಡಿದವು. ಐದು ನಿಮಿಷಗಳಲ್ಲಿ ಅವು ಆರಿಹೋದವು. ರಿಚರ್ಡ್ ಹಾಡ್ಜ್‌ಸನ್ ಎಂಬ ಇನ್ನೊಬ್ಬರೂ ಬೇರೆ ಕಡೆಯಿಂದ ಅದನ್ನೇ ಕಂಡಿದ್ದರಿಂದ ಸಂಶಯಕ್ಕೆ ಎಡೆಯಿರಲಿಲ್ಲ. ಅದೇ ಹೊತ್ತಿಗೆ ಕ್ಯೂ ಯಂತ್ರದ ಗೆರೆಯಲ್ಲಿ ಒಂದು ಸಣ್ಣ ಕೊಂಕು ಕಂಡಿತು. ಹದಿನೇಳೂವರೆ ಗಂಟೆಗಳ ನಂತರ ದೊಡ್ಡ ಬಿರುಗಾಳಿ.

ಆ ರಾತ್ರಿ ಧ್ರುವ ಪ್ರದೇಶಗಳಲ್ಲಷ್ಟೇ ಕಾಣುವ ಧ್ರುವಪ್ರಭೆ ಕೆರಿಬಿಯನ್ ದ್ವೀಪಗಳವರೆಗೂ ಕಾಣಿಸಿತು. ಅಮೆರಿಕ ಮತ್ತು ಯೂರೋಪಿನ ತಂತಿ ಕಚೇರಿಗಳಲ್ಲಿ ತಂತಿಗಳಿಂದ ಕಿಡಿ ಹಾರಿತು. ಬಾಸ್ಟನ್ ಮತ್ತು ಪೋರ್ಟ್‌ಲೆಂಡ್ ನಡುವಿನ ತಂತಿ ನೌಕರರು ಬ್ಯಾಟರಿಗಳನ್ನು ಕಳಚಿಟ್ಟು, ಆಕಾಶದ ಪ್ರಭೆಯಿಂದ ತಂತಿಯಲ್ಲಿ ಹುಟ್ಟಿದ ವಿದ್ಯುತ್ತಿನಿಂದಲೇ ಸಂದೇಶ ರವಾನಿಸಿದರು.

ಬೆಳಕಿಗೂ ಬಿರುಗಾಳಿಗೂ ಸಂಬಂಧವಿರಬಹುದೆಂದು ಕ್ಯಾರಿಂಗ್ಟನ್‌ಗೆ ಅನಿಸಿತು. ಆದರೆ ಒಂದೇ ಘಟನೆಯಿಂದ ತೀರ್ಮಾನಕ್ಕೆ ಬರಬಾರದೆಂದು ಅವರೇ ಎಚ್ಚರಿಸಿದರು. ಬೆಳಕು ಸೂರ್ಯನಿಂದ ಭೂಮಿಗೆ ಎಂಟು ನಿಮಿಷಗಳಲ್ಲಿ ಬರುತ್ತದೆ. ಹಾಗಾದರೆ ಹದಿನೇಳೂವರೆ ಗಂಟೆ ತಡವಾಗಿ ಬಂದದ್ದು ಏನು? 15 ಕೋಟಿ ಕಿಲೋಮೀಟರ್ ದಾರಿಯನ್ನು ಸೆಕೆಂಡಿಗೆ 2,300 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಕ್ರಮಿಸಿದ ಆ ವಸ್ತುವಿಗೆ ಅಂದು ಹೆಸರೇ ಇರಲಿಲ್ಲ.

ಕೆಲ್ವಿನ್ ಹಾಕಿದ ತಡೆ

ಸೂಜಿಯ ನಡುಕ ಅಂದಿಗೇ ಹೊಸದಲ್ಲ. 1741ರಲ್ಲಿ ಸ್ವೀಡನ್ನಿನ ಉಪ್ಸಲಾದಲ್ಲಿ ಸೆಲ್ಸಿಯಸ್ ಮತ್ತು ಅವರ ಸಹಾಯಕ ಹಿಯೋರ್ಟರ್, ಧ್ರುವಪ್ರಭೆ ಮೂಡಿದಾಗ ದಿಕ್ಸೂಚಿ ಅಲುಗುತ್ತದೆ ಎಂಬುದನ್ನು ಗಮನಿಸಿದ್ದರು. ಲಂಡನ್ನಿನಲ್ಲಿದ್ದ ಜಾರ್ಜ್ ಗ್ರಹಾಂ ಅವರ ಸೂಜಿಯೂ ಅದೇ ದಿನ ಅಲುಗಿದ್ದು ಪತ್ರವ್ಯವಹಾರದಿಂದ ಗೊತ್ತಾಯಿತು. ಅಂದರೆ ಇದು ಒಂದು ಕೋಣೆಯ, ಒಂದು ಊರಿನ ಸಂಗತಿಯಲ್ಲ. 1830ರ ದಶಕದಲ್ಲಿ ಜರ್ಮನಿಯ ಗಣಿತಜ್ಞ ಗೌಸ್ ಅವರು ಹಲವು ಊರುಗಳಲ್ಲಿ ಒಂದೇ ಗಳಿಗೆಯಲ್ಲಿ ಸೂಜಿ ನೋಡುವ ಏರ್ಪಾಡು ಮಾಡಿದರು. ಬ್ರಿಟಿಷರೂ ತಮ್ಮ ವಸಾಹತುಗಳಲ್ಲೆಲ್ಲ ಕಾಂತ ವೀಕ್ಷಣಾಲಯ ತೆರೆದರು. ಈಸ್ಟ್ ಇಂಡಿಯಾ ಕಂಪನಿಯ ಪಾಲಿಗೆ ಬಂದವು ಮದರಾಸು, ಸಿಮ್ಲಾ, ಸಿಂಗಪುರ ಮತ್ತು ಮುಂಬಯಿ. ಖಗೋಳ ಮತ್ತು ಸಮಯಪಾಲನೆಗಾಗಿ 1826ರಲ್ಲಿ ಹುಟ್ಟಿದ್ದ ಕೊಲಾಬಾ ವೀಕ್ಷಣಾಲಯದಲ್ಲಿ 1841ರಿಂದ ಕಾಂತಮಾಪನ ಸೇರಿಕೊಂಡಿತು. ಮುಂದೆ ಲೋಕಮಾನ್ಯ ತಿಲಕರಿಗೆ ಗಣಿತ ಕಲಿಸಿದ ಕೇರೋ ಲಕ್ಷ್ಮಣ ಛತ್ರೆ ಅವರೂ ಯೌವನದಲ್ಲಿ ಕೆಲಕಾಲ ಇಲ್ಲಿ ಸಹಾಯಕರಾಗಿದ್ದರು.

ಈ ಎಲ್ಲ ವೀಕ್ಷಣಾಲಯಗಳ ಲೆಕ್ಕ ಕೂಡಿಸಿದ ಎಡ್ವರ್ಡ್ ಸಬೈನ್, ಸೌರಕಲೆಗಳು ಹೆಚ್ಚಿದ ವರ್ಷಗಳಲ್ಲಿ ಕಾಂತ ಬಿರುಗಾಳಿಗಳೂ ಹೆಚ್ಚುತ್ತವೆ ಎಂದು 1852ರಲ್ಲಿ ತೋರಿಸಿಕೊಟ್ಟರು. ಆದರೂ ಹಲವರು ಒಪ್ಪಲಿಲ್ಲ. ಒಪ್ಪದವರಲ್ಲಿ ದೊಡ್ಡವರು ಲಾರ್ಡ್ ಕೆಲ್ವಿನ್. 1892ರಲ್ಲಿ ರಾಯಲ್ ಸೊಸೈಟಿಯ ಮುಂದೆ ಅವರು ಒಂದು ಲೆಕ್ಕವಿಟ್ಟರು. ಎಂಟು ಗಂಟೆಯ ಸಾಧಾರಣ ಕಾಂತ ಬಿರುಗಾಳಿಯೊಂದನ್ನು ಸೂರ್ಯ ಎಲ್ಲ ದಿಕ್ಕಿಗೂ ಕಾಂತ ಅಲೆಗಳನ್ನು ಬೀರಿ ಎಬ್ಬಿಸಬೇಕಾದರೆ, ನಾಲ್ಕು ತಿಂಗಳು ಬೀರುವ ಬೆಳಕು ಮತ್ತು ಶಾಖದಷ್ಟು ಶಕ್ತಿಯನ್ನು ಆ ಎಂಟು ಗಂಟೆಗಳಲ್ಲಿ ವ್ಯಯಿಸಬೇಕು. ಇದು ಆಗದ ಮಾತು; ಆದ್ದರಿಂದ ಸೌರಕಲೆ ಮತ್ತು ಬಿರುಗಾಳಿಗಳ ಹೊಂದಾಣಿಕೆ ಕಾಕತಾಳೀಯವಿರಬೇಕು ಎಂಬುದು ಅವರ ವಾದ.

ಕೆಲ್ವಿನ್ ಲೆಕ್ಕ ತಪ್ಪಿರಲಿಲ್ಲ. ತಪ್ಪಿದ್ದು ಅವರ ಊಹೆ. ಸೂರ್ಯನಿಂದ ಬಂದದ್ದು ಅಲೆಯಲ್ಲ, ಗಾಳಿ.

ಮೊದಲ ತಟ್ಟು

ಇತ್ತ ಮುಂಬಯಿಯಲ್ಲಿ ಲೆಕ್ಕ ನಿಲ್ಲಲಿಲ್ಲ. 1896ರಲ್ಲಿ ಕೊಲಾಬಾದ ಮೊದಲ ಭಾರತೀಯ ನಿರ್ದೇಶಕರಾದ ನಾನಾಭಾಯ್ ಅರ್ದೇಶಿರ್ ಫ್ರಾಮ್ಜಿ ಮೂಸ್ ಅವರಿಗೆ ಹೊಸದೊಂದು ತಲೆನೋವು ಎದುರಾಯಿತು. ನಗರಕ್ಕೆ ವಿದ್ಯುತ್ ಟ್ರಾಮು ಬರುವುದರಲ್ಲಿತ್ತು. ಟ್ರಾಮು ಓಡಿದರೆ ಸೂಜಿ ಸೂರ್ಯನಿಗಲ್ಲ, ಟ್ರಾಮಿಗೆ ಕುಣಿಯುತ್ತದೆ. ಹಾಗಾಗಿ ಮುಂಬಯಿಯ ದಕ್ಷಿಣಕ್ಕೆ, ಕೊಲ್ಲಿಯ ಆಚೆ ದಡದ ಅಲಿಬಾಗ್‌ನಲ್ಲಿ, ಅಯಸ್ಕಾಂತ ಗುಣವಿಲ್ಲದ ಸಾಮಗ್ರಿಗಳಿಂದಲೇ ಹೊಸ ವೀಕ್ಷಣಾಲಯ ಕಟ್ಟಿಸಿದರು. 1904ರಲ್ಲಿ ಅಲ್ಲಿ ಕೆಲಸ ಶುರುವಾಯಿತು. ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ತಾಳೆಯಾಗಲೆಂದು ಎರಡು ವರ್ಷ ಎರಡೂ ಕಡೆ ಅಳತೆ ನಡೆಸಿದರು.

ಮೂಸ್ 1910ರಲ್ಲಿ 1846ರಿಂದ 1905ರವರೆಗಿನ ಅಳತೆಗಳನ್ನು ಎರಡು ಸಂಪುಟಗಳಲ್ಲಿ ವಿಶ್ಲೇಷಿಸಿ ಪ್ರಕಟಿಸಿದರು. ಅಂಥ ದೀರ್ಘ ಲೆಕ್ಕದಿಂದ ಬಿರುಗಾಳಿಯ ಸ್ವರೂಪ ತಿಳಿಯಾಯಿತು. ಮೊದಲು ಕಾಂತಬಲ ಕೆಲವು ನಿಮಿಷಗಳಲ್ಲಿ ಥಟ್ಟನೆ ಏರುತ್ತದೆ. ಕೆಲವು ಗಂಟೆಗಳ ಬಳಿಕ ಮೊದಲಿದ್ದುದಕ್ಕಿಂತ ಬಹಳ ಕೆಳಕ್ಕೆ ಇಳಿಯುತ್ತದೆ. ಆಮೇಲೆ ಒಂದೆರಡು ದಿನಗಳಲ್ಲಿ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ. ಮೊದಲ ಆ ಏರಿಕೆ ಜಗತ್ತಿನ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ನಿಮಿಷದಲ್ಲಿ ಕಾಣುತ್ತದೆ. ಯಾರೋ ಬಾಗಿಲು ತಟ್ಟಿದಂತೆ.

ತಟ್ಟಿದವರು ಯಾರೆಂದು ಹೇಳಿದವರು ಬ್ರಿಟನ್ನಿನ ಸಿಡ್ನಿ ಚಾಪ್‌ಮನ್ ಮತ್ತು ಅವರ ಶಿಷ್ಯ ವಿನ್ಸೆಂಟ್ ಫೆರಾರೊ. ಸೂರ್ಯನಿಂದ ಒಂದೇ ಬಗೆಯ ವಿದ್ಯುದಾವೇಶದ ಕಣಗಳು ಬರುತ್ತವೆಂದು ಚಾಪ್‌ಮನ್ 1918ರಲ್ಲಿ ಬರೆದಿದ್ದರು. ಅಂಥ ಕಣಗಳು ಒಂದನ್ನೊಂದು ತಳ್ಳಿ ದಾರಿಯಲ್ಲೇ ಚದುರಿಹೋಗುತ್ತವೆ ಎಂದು ಲಿಂಡೆಮನ್ ಆಕ್ಷೇಪಿಸಿದರು. ಧನ ಮತ್ತು ಋಣ ಕಣಗಳು ಸಮನಾಗಿ ಬೆರೆತ ಮೋಡವಾದರೆ ಚದುರದು ಎಂದೂ ಸೂಚಿಸಿದರು. ಚಾಪ್‌ಮನ್ ಅದನ್ನು ಒಪ್ಪಿಕೊಂಡು, ಫೆರಾರೊ ಜತೆ 1930 ಮತ್ತು 1931ರಲ್ಲಿ ಹೊಸ ಸಿದ್ಧಾಂತ ಮಂಡಿಸಿದರು. ಕಣಗಳ ಮೋಡ ಭೂಮಿಯ ಕಾಂತಕ್ಷೇತ್ರದ ಹತ್ತಿರ ಬಂದೊಡನೆ ಅದರ ಮುಂಭಾಗದಲ್ಲಿ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಆ ಪ್ರವಾಹ ಭೂಮಿಯ ಕ್ಷೇತ್ರವನ್ನು ಹೊರಗೆ ಹರಡಗೊಡದೆ ಒಳಕ್ಕೆ ಅದುಮುತ್ತದೆ. ಅದುಮಿದ ಕ್ಷೇತ್ರ ದಟ್ಟವಾಗುತ್ತದೆ. ನೆಲದ ಮೇಲಿನ ಸೂಜಿ ಆ ದಟ್ಟಣೆಯನ್ನು ಥಟ್ಟನೆ ತೋರಿಸುತ್ತದೆ. ಒಂದೂ ರಾಕೆಟ್ಟು ಬಾಹ್ಯಾಕಾಶಕ್ಕೆ ಹೋಗಿರದ ಕಾಲದಲ್ಲಿ, ಸೂಜಿಯ ಗೆರೆ ನೋಡಿ, ಸಾವಿರಾರು ಕಿಲೋಮೀಟರ್ ಎತ್ತರದಲ್ಲಿ ಒಂದು ಗಡಿ ಇದೆಯೆಂದು ಅವರು ಹೇಳಿದರು.

ಚಂದ್ರಶೇಖರ್ ಅಚ್ಚು ಹಾಕಿದ ಲೇಖನ

ಬಿರುಗಾಳಿಯ ದಿನಗಳಲ್ಲಿ ಮಾತ್ರ ಕಣಗಳ ಮೋಡ ಬರುತ್ತದೆ, ಉಳಿದಂತೆ ಅಲ್ಲೆಲ್ಲ ಖಾಲಿ ಎಂದು ಚಾಪ್‌ಮನ್ ನಂಬಿದ್ದರು. 1951ರಲ್ಲಿ ಜರ್ಮನಿಯ ಲುಡ್ವಿಗ್ ಬಿಯರ್‌ಮನ್ ಧೂಮಕೇತುಗಳನ್ನು ಸಾಕ್ಷಿಯಾಗಿ ಕರೆದರು. ಧೂಮಕೇತುವಿನ ಬಾಲ ಯಾವಾಗಲೂ ಸೂರ್ಯನಿಂದ ಆಚೆಗೇ ಚಾಚಿರುತ್ತದೆ. ಹಾಗಾದರೆ ಏನೋ ಅದನ್ನು ಸದಾ ತಳ್ಳುತ್ತಲೇ ಇರಬೇಕು. 1958ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಯುಜೀನ್ ಪಾರ್ಕರ್ ಅದಕ್ಕೆ ಗಣಿತ ಒದಗಿಸಿದರು. ಸೂರ್ಯನ ಹೊರ ಆವರಣ ಎಷ್ಟು ಬಿಸಿಯೆಂದರೆ ಅದು ನಿಂತಲ್ಲಿ ನಿಲ್ಲಲಾರದು. ಎಲ್ಲ ದಿಕ್ಕಿಗೂ ಶಬ್ದಕ್ಕಿಂತ ವೇಗವಾಗಿ ಹರಿದುಹೋಗಲೇಬೇಕು. ಅದಕ್ಕೆ ಅವರು ಸೌರಮಾರುತ ಎಂದು ಹೆಸರಿಟ್ಟರು.

‘ಆಸ್ಟ್ರೊಫಿಸಿಕಲ್ ಜರ್ನಲ್’ ಈ ಲೇಖನವನ್ನು ಇಬ್ಬರು ಪರಿಶೀಲಕರಿಗೆ ಕಳಿಸಿತು. ಇಬ್ಬರೂ ಬೇಡವೆಂದರು. ಪತ್ರಿಕೆಯ ಸಂಪಾದಕರು ಭಾರತ ಮೂಲದ ವಿಜ್ಞಾನಿ ಎಸ್. ಚಂದ್ರಶೇಖರ್. ಅವರಿಗೂ ಈ ವಿಚಾರ ಹಿಡಿಸಿರಲಿಲ್ಲ. ಆದರೆ ಗಣಿತದಲ್ಲಿ ಯಾರೂ ತಪ್ಪು ತೋರಿಸಿರಲಿಲ್ಲ. ಅದೊಂದೇ ಕಾರಣಕ್ಕೆ ಅವರು ಪರಿಶೀಲಕರ ಮಾತು ಬದಿಗಿಟ್ಟು ಲೇಖನವನ್ನು ಅಚ್ಚು ಹಾಕಿದರು. ಮರುವರ್ಷವೇ ಸೋವಿಯತ್ ದೇಶದ ಲೂನಾ ನೌಕೆಗಳು ಈ ಕಣಗಳ ಸುಳಿವು ಹಿಡಿದವು. 1962ರಲ್ಲಿ ಶುಕ್ರನತ್ತ ಹೊರಟ ಅಮೆರಿಕದ ಮ್ಯಾರಿನರ್-2 ನೌಕೆ ತಿಂಗಳುಗಟ್ಟಲೆ ಅಳೆದು, ಗಾಳಿ ಒಂದು ಕ್ಷಣವೂ ನಿಲ್ಲುವುದಿಲ್ಲ ಎಂದು ಖಚಿತಪಡಿಸಿತು. 1961ರಲ್ಲಿ ಹಾರಿದ ಎಕ್ಸ್‌ಪ್ಲೋರರ್-12 ಉಪಗ್ರಹ, ಚಾಪ್‌ಮನ್ ಮತ್ತು ಫೆರಾರೊ ಹೇಳಿದ ಗಡಿಯನ್ನು ಮತ್ತೆ ಮತ್ತೆ ದಾಟಿ ಅದು ಇರುವುದನ್ನು ಕಂಡಿತು.

ಗಾಳಿ, ಬಂಡೆ ಮತ್ತು ತೆರೆ

ಹೊಳೆಯ ನಡುವೆ ಬಂಡೆಯೊಂದಿದ್ದರೆ ನೀರು ಅದರ ಮುಂದೆ ಉಕ್ಕಿ, ಎರಡೂ ಬದಿಗೆ ಸೀಳಿ ಹರಿಯುತ್ತದೆ. ಸೌರಮಾರುತದ ಹೊಳೆಯಲ್ಲಿ ಭೂಮಿಯ ಕಾಂತಕ್ಷೇತ್ರ ಅಂಥ ಬಂಡೆ. ಈ ಕ್ಷೇತ್ರದ ಹಿಡಿತದಲ್ಲಿರುವ ಆವರಣವೇ ಕಾಂತಗೋಳ. ಸೂರ್ಯನ ಕಡೆ ಅದರ ಗಡಿ ಭೂಮಿಯ ಕೇಂದ್ರದಿಂದ ಸಾಮಾನ್ಯವಾಗಿ ಭೂತ್ರಿಜ್ಯದ ಹತ್ತು ಪಟ್ಟು, ಅಂದರೆ ಸುಮಾರು 64,000 ಕಿಲೋಮೀಟರ್ ದೂರದಲ್ಲಿದೆ. ಹಿಂದುಗಡೆ ಅದು ಉದ್ದನೆಯ ಬಾಲದಂತೆ ಚಂದ್ರನ ಕಕ್ಷೆಯನ್ನೂ ದಾಟಿ ಚಾಚಿದೆ.

ಆದರೆ ಈ ಬಂಡೆ ಗಟ್ಟಿಯಲ್ಲ, ಗಾಳಿ ತುಂಬಿದ ಬಲೂನಿನಂಥದ್ದು. ಹೊರಗಿನ ಒತ್ತಡ ಹೆಚ್ಚಿದರೆ ಕುಗ್ಗುತ್ತದೆ, ತಗ್ಗಿದರೆ ಹಿಗ್ಗುತ್ತದೆ. ಸೌರಮಾರುತದಲ್ಲಿ ಸಾಮಾನ್ಯವಾಗಿ ಒಂದು ಘನ ಸೆಂಟಿಮೀಟರಿಗೆ ಐದಾರು ಕಣ, ವೇಗ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್. ಅದರ ಒತ್ತಡ ಸುಮಾರು ಎರಡು ನ್ಯಾನೊಪಾಸ್ಕಲ್. ನಮ್ಮ ಮೈಮೇಲಿನ ವಾಯುಭಾರ ಅದರ ಐವತ್ತು ಲಕ್ಷ ಕೋಟಿ ಪಟ್ಟು. ಇಷ್ಟು ತೆಳು ಗಾಳಿಯೂ ಕಾಂತಗೋಳವನ್ನು ಅದುಮಬಲ್ಲದು. ಅಷ್ಟು ದೂರದಲ್ಲಿ ಭೂಮಿಯ ಕಾಂತಬಲವೂ ಅಷ್ಟೇ ತೆಳುವಾಗಿರುತ್ತದೆ.

ಕಣಗಳ ಸಾಂದ್ರತೆ ಎರಡು ಪಟ್ಟಾದರೆ ಒತ್ತಡವೂ ಎರಡು ಪಟ್ಟಾಗುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಸೂರ್ಯ ಸಿಡಿಸಿದ ಮೋಡವೊಂದು ಮುಂದಿರುವ ನಿಧಾನದ ಗಾಳಿಯನ್ನು ಗುಡಿಸಿಕೊಂಡು ಬಂದಾಗ ಸಾಂದ್ರತೆ, ವೇಗ ಎರಡೂ ಒಮ್ಮೆಗೇ ಜಿಗಿಯುತ್ತವೆ. ಭೂಮಿ ಸುಲಭಕ್ಕೆ ಬಗ್ಗುವುದಿಲ್ಲ. ಗಡಿ ಅರ್ಧ ದೂರಕ್ಕೆ ಸರಿಯಬೇಕಾದರೆ ಒತ್ತಡ 64 ಪಟ್ಟು ಹೆಚ್ಚಬೇಕು. ಆದರೂ ದೊಡ್ಡ ಹೊಡೆತಗಳಲ್ಲಿ ಗಡಿ ಭೂಸ್ಥಿರ ಉಪಗ್ರಹಗಳ ಕಕ್ಷೆಗಿಂತ ಒಳಕ್ಕೆ ಬಂದದ್ದುಂಟು. ಹಾಸನದ ಪ್ರಧಾನ ನಿಯಂತ್ರಣ ಕೇಂದ್ರದಿಂದ ನೋಡಿಕೊಳ್ಳುವ ಸಂಪರ್ಕ ಉಪಗ್ರಹಗಳೆಲ್ಲ ಇರುವುದು ಆ ಕಕ್ಷೆಯಲ್ಲೇ, ನೆಲದಿಂದ ಸುಮಾರು 36,000 ಕಿಲೋಮೀಟರ್ ಮೇಲೆ. ಅಂಥ ಹೊತ್ತಿನಲ್ಲಿ ಹಗಲಿನ ಕಡೆಯಿರುವ ಉಪಗ್ರಹ ಕಾಂತಗೋಳದ ಆಸರೆ ತಪ್ಪಿ ಬಯಲಿಗೆ ಬೀಳುತ್ತದೆ.

ಹೊಡೆತ ಅಲ್ಲಿಗೇ ನಿಲ್ಲುವುದಿಲ್ಲ. ನೆಲದಿಂದ ನೂರಾರು ಕಿಲೋಮೀಟರ್ ಮೇಲೆ, ವಾಯುಮಂಡಲದ ಕಣಗಳು ವಿದ್ಯುದಾವೇಶ ಪಡೆದಿರುವ ಅಯಾನುಗೋಳವಿದೆ. ಗಡಿ ಅದುಮಿದಾಗ ಹುಟ್ಟಿದ ವಿದ್ಯುತ್ ಪ್ರವಾಹದ ಒಂದು ಪಾಲು ಕಾಂತರೇಖೆಗಳ ಗುಂಟ ಧ್ರುವಗಳ ಮೇಲಿನ ಅಯಾನುಗೋಳಕ್ಕೆ ಇಳಿಯುತ್ತದೆ. ಅಲ್ಲಿಂದ ಅದರ ಪ್ರಭಾವ ಹೆಚ್ಚುಕಡಿಮೆ ಆ ಕ್ಷಣವೇ ಸಮಭಾಜಕದವರೆಗೂ ಮುಟ್ಟುತ್ತದೆ. ದಕ್ಷಿಣ ಭಾರತದ ತುದಿಯ ಬಳಿ ಹಾದುಹೋಗುವ ಕಾಂತ ಸಮಭಾಜಕದ ಮೇಲೆ, ಸುಮಾರು 105 ಕಿಲೋಮೀಟರ್ ಎತ್ತರದಲ್ಲಿ, ಹಗಲು ಹೊತ್ತು ಪೂರ್ವಾಭಿಮುಖವಾಗಿ ಒಂದು ಬಿರುಸಾದ ವಿದ್ಯುತ್ ಪ್ರವಾಹ ಹರಿಯುತ್ತದೆ. ಹೀಗಾಗಿ ಅಲಿಬಾಗ್‌ನಲ್ಲಿ ಸಣ್ಣದಾಗಿ ಕಾಣುವ ತಟ್ಟು ಹಗಲಲ್ಲಿ ಕೊಡೈಕೆನಾಲ್, ತಿರುನೆಲ್ವೇಲಿಗಳಲ್ಲಿ ದೊಡ್ಡದಾಗಿ ಕಾಣುತ್ತದೆ. ಅಯಾನುಗೋಳ ಕಲಕಿದರೆ ಅದರ ಮೂಲಕ ಹಾಯುವ ರೇಡಿಯೊ ಮತ್ತು ದಿಕ್ಕು ತೋರುವ ಉಪಗ್ರಹಗಳ ಸಂಕೇತಗಳೂ ದಾರಿ ತಪ್ಪುತ್ತವೆ.

ಹಾಗೆಂದು ಪ್ರತಿ ತಟ್ಟಿನ ಹಿಂದೆ ಬಿರುಗಾಳಿ ಬಂದೇಬರುತ್ತದೆ ಎಂದಲ್ಲ. ಬ್ರಿಟನ್ನಿನ ಜೇಮ್ಸ್ ಡಂಜಿ 1961ರಲ್ಲಿ ಅದರ ಗುಟ್ಟು ಬಿಡಿಸಿದರು. ಸೌರಮಾರುತ ಹೊತ್ತು ತರುವ ಕಾಂತಕ್ಷೇತ್ರ ದಕ್ಷಿಣಕ್ಕೆ ಮುಖ ಮಾಡಿದ್ದರೆ ಅದು ಭೂಮಿಯ ಕ್ಷೇತ್ರದೊಡನೆ ಬೆಸೆದುಕೊಂಡು ಬಾಗಿಲು ತೆರೆಯುತ್ತದೆ. ಆಗ ಶಕ್ತಿ ಒಳನುಗ್ಗಿ, ಭೂಮಿಯ ಸುತ್ತ ಉಂಗುರದಂತೆ ಹರಿಯುವ ಪ್ರವಾಹ ಬಲಗೊಂಡು ಸೂಜಿಯ ಬಲ ಕುಸಿಯುತ್ತದೆ. ಉತ್ತರಕ್ಕೆ ಮುಖ ಮಾಡಿದ್ದರೆ ಬಹುಪಾಲು ತಟ್ಟಿ ಹೋಗುವುದಷ್ಟೆ.

ಸೂಜಿಯಿಂದ ವಿದ್ಯುತ್ ಜಾಲದವರೆಗೆ

1859ರಲ್ಲಿ ತೊಂದರೆಯಾದದ್ದು ತಂತಿ ಕಚೇರಿಗಳಿಗೆ. ಆಮೇಲಿನ ಜಗತ್ತು ತಂತಿಗಳ ಮೇಲೆಯೇ ನಿಂತಿದೆ. 1972ರ ಆಗಸ್ಟ್ 4ರಂದು ಸೂರ್ಯನಿಂದ ಹೊರಟ ಮೋಡವೊಂದು 15 ಗಂಟೆಗೂ ಕಡಿಮೆ ಅವಧಿಯಲ್ಲಿ ಭೂಮಿ ಮುಟ್ಟಿತು. ಅಂದು ಉತ್ತರ ವಿಯೆಟ್ನಾಂ ಕರಾವಳಿಯಲ್ಲಿ ಅಮೆರಿಕ ಹುದುಗಿಸಿದ್ದ ಕಾಂತ ಸಂವೇದಿ ಸಾಗರ ಸಿಡಿಗುಂಡುಗಳು ಹಡಗೊಂದೂ ಹತ್ತಿರ ಸುಳಿಯದೆ ತಾವಾಗಿ ಸಿಡಿದವು. ಹಡಗಿನ ಕಬ್ಬಿಣವನ್ನು ಗುರುತಿಸಬೇಕಾದ ಯಂತ್ರ ಸೂರ್ಯನ ತಟ್ಟಿಗೆ ಮೋಸಹೋಗಿತ್ತು. 1989ರ ಮಾರ್ಚ್ 13ರ ನಸುಕಿನಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲ ಕಾಂತ ಬಿರುಗಾಳಿಗೆ ಸಿಕ್ಕಿ ಸುಮಾರು ಒಂದೂವರೆ ನಿಮಿಷದಲ್ಲಿ ಕುಸಿಯಿತು. 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲೆ ಮತ್ತು ಚಳಿಯಲ್ಲಿ ಕಳೆದರು. 1991ರ ಮಾರ್ಚ್ 24ರ ಒಂದೇ ಹೊಡೆತ, ಭೂಮಿಯ ಸುತ್ತ ಕೆಲವೇ ನಿಮಿಷಗಳಲ್ಲಿ ಹೊಸದೊಂದು ವಿಕಿರಣ ಪಟ್ಟಿಯನ್ನೇ ಸೃಷ್ಟಿಸಿದ್ದನ್ನು ಅಮೆರಿಕದ ಸಿಆರ್‌ಆರ್‌ಇಎಸ್ ಉಪಗ್ರಹ ಕಂಡಿತು.

ತದ್ವಿರುದ್ಧದ ದಿನವೂ ಒಂದು ಬಂತು. 1999ರ ಮೇ 11ರ ಸುಮಾರಿಗೆ ಸೌರಮಾರುತದ ಸಾಂದ್ರತೆ ಎಂದಿನ ನೂರಕ್ಕೆ ಎರಡು ಪಾಲಿಗೆ ಇಳಿಯಿತು. ಅದುಮುವ ಕೈ ಸಡಿಲಿದಾಗ ಕಾಂತಗೋಳ ಎಂದಿನ ಐದಾರು ಪಟ್ಟು ಹಿಗ್ಗಿತು. ಗಡಿಯನ್ನು ನಿರ್ಧರಿಸುವುದು ಒತ್ತಡವೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

2024ರ ಮೇ 10ರ ರಾತ್ರಿ, ಭಾರತದಲ್ಲಿ ಹತ್ತೂವರೆ ದಾಟಿದ ಹೊತ್ತು, ಮತ್ತೊಮ್ಮೆ ಜೋರಾದ ತಟ್ಟು ಬಿತ್ತು. ಹಿಂದೆಯೇ ಎರಡು ದಶಕಗಳಲ್ಲಿ ದೊಡ್ಡದೆನಿಸಿದ ಬಿರುಗಾಳಿ ಎದ್ದಿತು. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯದ ಕ್ಯಾಮೆರಾಗಳು ಆಕಾಶ ಕೆಂಪಾದುದನ್ನು ಸೆರೆಹಿಡಿದವು. ಆ ಗಾಳಿಯನ್ನು ದಾರಿಯಲ್ಲೇ ಅಳೆದವರಲ್ಲಿ ಭಾರತದ ಆದಿತ್ಯ-ಎಲ್1 ನೌಕೆಯೂ ಇತ್ತು. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ, ಸೂರ್ಯನ ದಿಕ್ಕಿಗೆ, ಬಾಗಿಲ ಹೊರಗೆ ಕಾವಲು ಕೂತಂತೆ ಅದು ಕೂತಿದೆ. ಆದರೆ ಕಾವಲುಗಾರ ಕೂಗಿದ ಬಳಿಕ ಮನೆಯವರಿಗೆ ಸಿಗುವ ಸಮಯ ಕಡಿಮೆ. ಸಾಧಾರಣ ಗಾಳಿಯಾದರೆ ಸುಮಾರು ಒಂದು ಗಂಟೆ. ಬಿರುಸಿನದಾದರೆ ಅರ್ಧ ಗಂಟೆ, ಅದಕ್ಕೂ ಕಡಿಮೆ. ಅಷ್ಟರೊಳಗೆ ವಿದ್ಯುತ್ ಜಾಲದವರೂ ಉಪಗ್ರಹ ನಡೆಸುವವರೂ ಎಚ್ಚೆತ್ತುಕೊಳ್ಳಬೇಕು.

ಎಷ್ಟು ದೊಡ್ಡ ಹೊಡೆತಕ್ಕೆ ಸಿದ್ಧರಾಗಿರಬೇಕು? ಈ ಪ್ರಶ್ನೆ ಬಂದಾಗ ವಿಜ್ಞಾನಿಗಳು ತಿರುವಿ ನೋಡುವುದು ಕೊಲಾಬಾದ ಪುಸ್ತಕವನ್ನು. 2003ರಲ್ಲಿ ಅಮೆರಿಕ ಮತ್ತು ಭಾರತದ ವಿಜ್ಞಾನಿಗಳು ಆ ಅಂಕಿಗಳನ್ನು ಹೊಸದಾಗಿ ವಿಶ್ಲೇಷಿಸಿ ಪ್ರಕಟಿಸಿದ ಮೇಲೆಯೇ 1859ರ ಬಿರುಗಾಳಿಯ ಗಾತ್ರ ಲೋಕಕ್ಕೆ ತಿಳಿದದ್ದು. ಬರೆದಿಟ್ಟವರಿಗೆ ತಾವು ಏನನ್ನು ಅಳೆಯುತ್ತಿದ್ದೇವೆಂದು ಗೊತ್ತಿರಲಿಲ್ಲ. ಸೌರಮಾರುತ ಎಂಬ ಹೆಸರನ್ನು ಅವರು ಕೇಳಿರಲಿಲ್ಲ. ಸೂಜಿ ಅಲುಗಿತು, ಬರೆದರು.

ಆದಿತ್ಯ ನೌಕೆ ಶ್ರೀಹರಿಕೋಟಾದಿಂದ ಹಾರಿದ್ದು 2023ರ ಸೆಪ್ಟೆಂಬರ್ 2ರಂದು. ಕೊಲಾಬಾದ ಸೂಜಿ ಅದುರಿ ಅಂದಿಗೆ ಸರಿಯಾಗಿ 164 ವರ್ಷವಾಗಿತ್ತು.